ಮುದುಕಿ ಗೆದ್ದ ಬಿಯರು

ಆ ಊರಿನಲ್ಲಿ ಮನೆಮನೆಯಲ್ಲೂ ಬಿಯರು ಮಾಡುತ್ತಿದ್ದರು, ಆದರೆ ತಾನು ಮಾಡಿದ ಬಿಯರು ಹೇಗಿದೆ ಎಂದು ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅಲ್ಲಿನ ಕಟ್ಟಳೆಯೇ ಹಾಗೆ. ಕಟ್ಟಳೆ ಅಂದರೆ ಯಾವುದೋ ದೊರೆ ಡಂಗುರ ಸಾರಿಸಿ ತಂದದ್ದಲ್ಲ. ಬೆಂಕಿ ಮುಟ್ಟಿದರೆ ಸುಡುತ್ತದಲ್ಲ, ಅಂಥ ಕಟ್ಟಳೆ. ನೀವು ಮಾಡಿದ ಬಿಯರನ್ನು ನೀವೇ ಕುಡಿದರೆ ನಿಮ್ಮ ಬಾಯಿಗೆ ಅದು ಬರೀ ನೀರು. ಅದೇ ಹಂಡೆಯದನ್ನು ಪಕ್ಕದ ಮನೆಯವನು ಕುಡಿದರೆ ಅವನ ಬಾಯಿಗೆ ಅದು ಬಿಯರು. ಹೊಸದಾಗಿ ಹಂಡೆ ಇಟ್ಟ ಪ್ರತಿಯೊಬ್ಬರೂ ಒಂದು ಸಲ ಬಾಗಿಲು ಹಾಕಿಕೊಂಡು ಕದ್ದು ಕುಡಿದು ನೋಡುತ್ತಿದ್ದರು, ಮುಖ ಸಪ್ಪಗೆ ಮಾಡಿಕೊಂಡು ಹೊರಗೆ ಬರುತ್ತಿದ್ದರು. ಆಮೇಲೆ ಯಾರೂ ಆ ಪ್ರಯತ್ನಕ್ಕೆ ಹೋಗುತ್ತಿರಲಿಲ್ಲ.

ನಾನು ಆ ಊರಿಗೆ ಹೋದವನಲ್ಲ. ಹೋಗಿಬಂದವರು ಹೇಳಿದ್ದನ್ನು ಹೇಳುತ್ತಿದ್ದೇನೆ. ನಡುನಡುವೆ ನನ್ನ ಬಾಯಿಯೂ ಸುಮ್ಮನಿರುವುದಿಲ್ಲ, ಅದನ್ನು ನೀವು ಸಹಿಸಿಕೊಳ್ಳಬೇಕು.

ರುಚಿ ತಿಳಿಯದೆ ಬಿಯರು ಮಾಡುವುದು ಹೇಗೆ? ಅದಕ್ಕೇ ಅಲ್ಲಿ ಪ್ರತಿ ಮನೆಗೂ ಒಬ್ಬ ನಾಲಿಗೆಯವನೋ ಒಬ್ಬ ನಾಲಿಗೆಯವಳೋ ಇರುತ್ತಿದ್ದರು. ಬೇರೆ ಮನೆಯವರಾಗಿರಬೇಕು, ಬೇರೆ ಬೀದಿಯವರಾದರೆ ಇನ್ನೂ ಒಳ್ಳೆಯದು. ದೀಪ ಹಚ್ಚುವ ಹೊತ್ತಿಗೆ ನಾಲಿಗೆಯವರೆಲ್ಲ ತಮ್ಮ ತಮ್ಮ ಮನೆಯಿಂದ ಹೊರಡುತ್ತಿದ್ದರು. ಬಿಯರು ಮಾಡಿದವರು ಲೋಟ ತುಂಬಿ ಕೊಟ್ಟು, ಎದುರಿಗೆ ಕೂತು, "ಹೆಂಗೈತೆ?" ಎಂದು ಕೇಳುತ್ತಿದ್ದರು. ನಾಲಿಗೆಯವರು ಕುಡಿದು ಹೇಳುತ್ತಿದ್ದರು. ಆ ಮಾತು ಕೇಳಿಕೊಂಡು ಮುಂದಿನ ಹಂಡೆಗೆ ಕಾಳು ಹೆಚ್ಚು ಮಾಡಬೇಕೋ ಉರಿ ಕಡಿಮೆ ಮಾಡಬೇಕೋ ನಿರ್ಧಾರವಾಗುತ್ತಿತ್ತು. ಮಿಕ್ಕವರು ಬಂದು ಎಷ್ಟು ಬೇಕಾದರೂ ಕುಡಿಯಬಹುದು, ಆದರೆ ರುಚಿಯ ಬಗ್ಗೆ ತುಟಿ ಬಿಚ್ಚುವಂತಿಲ್ಲ. "ಹೊಟ್ಟೆ ತಣ್ಣಗಾಯ್ತು" ಎಂದು ಹೇಳಿ ಎದ್ದು ಹೋಗಬೇಕು. ಅದಕ್ಕಿಂತ ಒಂದು ಮಾತು ಹೆಚ್ಚು ಆಡಿದವರನ್ನು ಊರು ಮರ್ಯಾದೆ ಇಲ್ಲದವರ ಲೆಕ್ಕಕ್ಕೆ ಸೇರಿಸುತ್ತಿತ್ತು.

ವರ್ಷಕ್ಕೊಂದು ಸಲ, ಹೊಸ ಜವೆಗೋಧಿ ಮನೆಗೆ ಬಂದ ಮೇಲೆ, ಪಂದ್ಯ. ಊರ ನಡುವೆ ಒಂದು ಹಾಸುಬಂಡೆ. ಎಲ್ಲರೂ ಹಂಡೆ ಹೊತ್ತು ತಂದು ಬಂಡೆಯ ಮೇಲೆ ಇಡುತ್ತಿದ್ದರು. ಆ ವರ್ಷ ಹಂಡೆ ಇಡದ ಮೂವರನ್ನು ಆರಿಸಿ, ಅವರ ಕಣ್ಣಿಗೆ ಬಟ್ಟೆ ಕಟ್ಟಿ, ಒಂದೊಂದೇ ಹಂಡೆಯ ಬಿಯರು ಕುಡಿಸುತ್ತಿದ್ದರು. ಕುಡಿದು ಕುಡಿದು ಆ ಮೂವರು ಒಂದು ಹಂಡೆಯ ಕೊರಳಿಗೆ ಜವೆಗೋಧಿ ತೆನೆಯ ಮಾಲೆ ಹಾಕುತ್ತಿದ್ದರು. ಅದು ಗೆದ್ದ ಬಿಯರು.

ಗೆದ್ದವರಿಗೆ ಬಹುಮಾನ ಒಂದು ಲೋಟ. ಅವರದೇ ಬಿಯರು, ಹಳೆಯ ಮರದ ಲೋಟದಲ್ಲಿ. ಆ ಬಂಡೆಯ ಮೇಲೆ, ಆ ದಿನ, ಆ ಲೋಟದಲ್ಲಿ ಮಾತ್ರ ತನ್ನ ಬಿಯರು ತನ್ನ ಬಾಯಿಗೆ ಬಿಯರಾಗಿ ಬರುತ್ತಿತ್ತು. ಒಂದು ಮನೆಗೆ ಆ ಲೋಟ ಸಿಗುವುದು ಒಂದೇ ಸಲ. ಎರಡನೆಯ ಲೋಟ ಇಲ್ಲ. ಚಿನ್ನ ಕೊಡಿ, ರೇಷ್ಮೆ ಕೊಡಿ, ಆ ಊರಿನವರು ಕಣ್ಣೆತ್ತಿ ನೋಡುತ್ತಿರಲಿಲ್ಲ. ಆ ಒಂದು ಲೋಟಕ್ಕಾಗಿ ಮಾತ್ರ ವರ್ಷವಿಡೀ ಉರಿಯ ಮುಂದೆ ಕೂತು ಮುಖ ಕಪ್ಪು ಮಾಡಿಕೊಳ್ಳುತ್ತಿದ್ದರು.

ಕಾಳು ಕುಟ್ಟುವಾಗ ಅಲ್ಲಿನ ಹೆಂಗಸರು ಗೆದ್ದ ಬಿಯರುಗಳ ಹೆಸರನ್ನೇ ಹಾಡಾಗಿ ಹೇಳುತ್ತಿದ್ದರು. ಮಸಿ, ಬಿಳಿಮೀಸೆ, ಹೊಗೆಮಲ್ಲಿ, ಹುಳಿತಂಗಿ. ಮಸಿ ಅಂದರೆ ಕುಂಬಾರ ಮಾಡಿದ್ದು, ಕಾಳನ್ನು ಕರಿಯಾಗುವ ತನಕ ಹುರಿದು. ಬಿಳಿಮೀಸೆ ಅಂದರೆ ಅಂಬಿಗನದು, ಗೋಧಿಯ ಬಿಯರು, ಕುಡಿದವರ ಮೂಗಿನ ಕೆಳಗೆ ನೊರೆ ನಿಲ್ಲುತ್ತಿತ್ತು. ಗೆದ್ದವರು ತಮ್ಮ ಲೋಟ ಕುಡಿದ ಮೇಲೆ ಏನಾದರು ಎಂದು ಕೇಳುತ್ತೀರಿ. ಕುಂಬಾರ ಕುಡಿದು ಸಂಜೆವರೆಗೂ ನಗುತ್ತಿದ್ದನಂತೆ. ಅಂಬಿಗ ಕುಡಿದು, "ಇಷ್ಟೇನಾ?" ಎಂದು ಕೇಳಿ, ಆಮೇಲೆ ಹಂಡೆಯನ್ನೇ ಇಡಲಿಲ್ಲ. ಹುಳಿತಂಗಿ ಮಾಡಿದ ನೇಕಾರಳು ಲೋಟ ಕೆಳಗಿಟ್ಟು, ನೇರ ತನ್ನ ತಾಯಿಯ ಮನೆಗೆ ಹೋಗಿ, ಬಹಳ ಕಾಲದಿಂದ ಮುರಿದುಹೋಗಿದ್ದ ಮಾತನ್ನು ಮತ್ತೆ ಶುರು ಮಾಡಿದಳು. ಯಾವ ರುಚಿ ಯಾರಿಗೆ ಏನು ಮಾಡುತ್ತದೋ ಹೇಳಲಾಗುವುದಿಲ್ಲ.

ಊರಿನ ಕೊನೆಯ ಮನೆಯಲ್ಲಿ ಒಬ್ಬ ಮುದುಕಿ ಇದ್ದಳು. ಒಂಟಿ. ಆ ಮನೆಗೆ ಬಂದ ಕಾಲದಿಂದ ಹಂಡೆ ಇಟ್ಟವಳು, ಒಂದು ವರ್ಷವೂ ಪಂದ್ಯ ತಪ್ಪಿಸಿದವಳಲ್ಲ, ಒಂದು ಸಲವೂ ಗೆದ್ದವಳಲ್ಲ. ಅವಳಿಗೆ ಬೇರೆ ಆಸೆ ಇರಲಿಲ್ಲ. ಸಾಯುವ ಮುಂಚೆ ತನ್ನ ಕೈಯ ಬಿಯರು ಹೇಗಿದೆ ಎಂದು ಒಂದು ಸಲ ತಿಳಿಯಬೇಕು, ಅಷ್ಟೆ. ಹಂಡೆಯ ಮುಚ್ಚಳ ತೆಗೆದು ಬಗ್ಗಿ ವಾಸನೆ ನೋಡುತ್ತಾ ನಿಂತುಬಿಡುತ್ತಿದ್ದಳು. ವಾಸನೆಗೆ ಕಟ್ಟಳೆಯ ಅಡ್ಡಿ ಇರಲಿಲ್ಲ. ಆದರೆ ವಾಸನೆ ಬಾಗಿಲವರೆಗೆ ಕರೆದುಕೊಂಡು ಹೋಗುತ್ತದೆ, ಒಳಗೆ ಬಿಡುವುದಿಲ್ಲ.

ಅವಳ ನಾಲಿಗೆಯವನು ಊರಿನ ಇನ್ನೊಂದು ತುದಿಯವನು. ಅವನೂ ಒಂಟಿ, ಅವನೂ ಮುದುಕ. ಇಬ್ಬರೂ ಕಪ್ಪುಕೂದಲಿನವರಾಗಿದ್ದಾಗ ಶುರುವಾದದ್ದು, ಈಗ ಇಬ್ಬರ ತಲೆಯೂ ಹತ್ತಿ. ಪ್ರತಿ ಸಂಜೆ ಅವನು ಬರುತ್ತಿದ್ದ, ಜಗುಲಿಯ ಮೇಲೆ ಕೂರುತ್ತಿದ್ದ. ಅವಳು ಲೋಟ ಕೊಡುತ್ತಿದ್ದಳು. "ಹೆಂಗೈತೆ?"

ಮೊದಮೊದಲು ಅವನ ಮಾತು ಮೊಟಕು. "ಹುಳಿ" ಅನ್ನುತ್ತಿದ್ದ. "ತೆಳು" ಅನ್ನುತ್ತಿದ್ದ. ಬಹಳ ಚೆನ್ನಾಗಿದ್ದರೆ "ಹೂಂ" ಅನ್ನುತ್ತಿದ್ದ. ಆಮೇಲೆ ಒಂದು ಚಳಿಗಾಲ ಅವನಿಗೆ ವಿಪರೀತ ಜ್ವರ ಬಂತು, ಹಾಸಿಗೆ ಹಿಡಿದ, ಹೇಗೋ ಎದ್ದ. ಎದ್ದ ಮೇಲೆ ಅವನ ಮಾತೇ ಬದಲಾಯಿತು. ಲೋಟ ಬಾಯಿಗಿಟ್ಟು, ಕಣ್ಣು ಮುಚ್ಚಿ, "ಮೊದಲು ಜೇನು ಬಂತು. ಅದರ ಹಿಂದೆ ಒದ್ದೆ ಮಣ್ಣು. ಕೊನೆಗೆ ಯಾರೋ ದೂರದಲ್ಲಿ ಸೌದೆ ಹಚ್ಚಿದಂಗೆ ಐತೆ" ಅನ್ನುತ್ತಿದ್ದ. ಆ ಮಾತು ಕೇಳುವುದಕ್ಕೆ ಅಕ್ಕಪಕ್ಕದವರು ಬಂದು ಜಗುಲಿಯ ಕೆಳಗೆ ನಿಲ್ಲುತ್ತಿದ್ದರು. ಇಂಥ ನಾಲಿಗೆ ಊರಲ್ಲೇ ಇಲ್ಲ ಎಂದು ಹೊಗಳುತ್ತಿದ್ದರು. ಒಂದೊಂದು ದಿನ ಅವನು, "ಈ ಸಲ ಬೇಸರ ಸ್ವಲ್ಪ ಜಾಸ್ತಿಯಾಗೈತೆ" ಅನ್ನುತ್ತಿದ್ದ. ಪಾಪ, ಮುದುಕಿ ಇಡೀ ದಿನ ಹಂಡೆಯ ಮುಂದೆ ಕೂತು, ಬೇಸರ ಕಡಿಮೆ ಮಾಡಬೇಕಾದರೆ ಯಾವ ಕಾಳು ಕಡಿಮೆ ಮಾಡಬೇಕು ಎಂದು ಯೋಚಿಸುತ್ತಿದ್ದಳು.

ಅವನ ಮಾತು ಚೆಂದವಾದಷ್ಟೂ ಪಂದ್ಯದಲ್ಲಿ ಅವಳ ಹಂಡೆ ಹಿಂದೆ ಹಿಂದೆ ಹೋಯಿತು. ಕಣ್ಣಿಗೆ ಬಟ್ಟೆ ಕಟ್ಟಿದ ಮೂವರು ಅವಳ ಹಂಡೆಯ ಹತ್ತಿರ ಒಂದು ಗುಟುಕು ಕುಡಿದು, ಬೇಗ ಬೇಗ ಮುಂದಕ್ಕೆ ಕೈ ಚಾಚುತ್ತಿದ್ದರು. ಮುದುಕಿ ತನ್ನ ಕೈಯನ್ನು ಬೈದುಕೊಂಡಳು, ಒಲೆಯನ್ನು ಬೈದಳು, ಬಾವಿಯನ್ನು ಬೈದಳು. ನಾಲಿಗೆಯ ಮೇಲೆ ಸಂಶಯಪಡುವುದು ಅವಳಿಗೆ ಹೊಳೆಯಲೇ ಇಲ್ಲ.

ಒಂದು ದಿನ ಬೆಳಿಗ್ಗೆ ಗೂಡಿನಲ್ಲಿ ಏನೋ ಹುಡುಕುತ್ತಿದ್ದಾಗ ಕಹಿಹೂವಿನ ಚೀಲ ಕೈಗೆ ಸಿಕ್ಕಿತು. ಕಹಿಹೂವು ಅಂದರೆ ಒಂದು ಬಳ್ಳಿಯ ಹಸಿರು ಹೂವು. ಕುದಿಯುವಾಗ ಅದನ್ನು ಹಾಕದಿದ್ದರೆ ಬಿಯರಿಗೆ ಕಹಿಯೇ ಬರುವುದಿಲ್ಲ, ಬರೀ ಸಿಹಿ ಗಂಜಿ. ಚೀಲಕ್ಕೆ ಅವಳು ಕಟ್ಟಿದ್ದ ಗಂಟು ಕಟ್ಟಿದ ಹಾಗೇ ಇತ್ತು. ಹೋದ ಹಂಡೆಗೆ ಹೂವು ಹಾಕುವುದನ್ನು ಅವಳು ಪೂರ್ತಿ ಮರೆತಿದ್ದಳು. ಬೇರೆ ಊರಿನಲ್ಲಿ ಆಗಿದ್ದರೆ ಒಂದು ಗುಟುಕಿಗೆ ತಿಳಿದುಹೋಗುತ್ತಿತ್ತು. ಆ ಊರಿನಲ್ಲಿ ಇಂಥ ತಪ್ಪು ಹೀಗೆ ಗೂಡಿನಲ್ಲಿ ಸಿಗಬೇಕು. ಆದರೆ ಮುದುಕಿ ಚೀಲ ಹಿಡಿದುಕೊಂಡು ಅಲ್ಲೇ ಕೂತದ್ದು ಆ ಮರೆವಿಗಲ್ಲ. ಅದೇ ಹಂಡೆಯದನ್ನು ಹಿಂದಿನ ಸಂಜೆ ಕುಡಿದು ಅವನು ಹೇಳಿದ್ದು ಅವಳಿಗೆ ನೆನಪಾಯಿತು. "ಕಹಿ ಒಂದು ಚೂರು ಜಾಸ್ತಿ. ಆದ್ರೂ ಹಿತವಾಗೈತೆ" ಎಂದಿದ್ದ.

ಆ ಸಂಜೆ ಅವಳು ಲೋಟಕ್ಕೆ ಬಿಯರು ಹಾಕಲಿಲ್ಲ. ಕಾಳು ನೆನೆಸಿದ ನೀರನ್ನು ಸೋಸಿ ತುಂಬಿ ಕೊಟ್ಟಳು. ಅವನು ಕುಡಿದ. ಕಣ್ಣು ಮುಚ್ಚಿದ. ಬಹಳ ಹೊತ್ತು ಬಾಯಲ್ಲಿ ಇಟ್ಟುಕೊಂಡ. ಆಮೇಲೆ, "ಇವತ್ತು ಕಿತ್ತಳೆ ಸಿಪ್ಪೆ ಐತೆ. ಹಳೇ ಮರದ ಪೆಟ್ಟಿಗೆ ತೆಗೆದಾಗ ಬರ್ತದಲ್ಲ, ಅದೂ ಐತೆ. ಕೈ ಕುದುರ್ತಾ ಐತೆ ನಿಂಗೆ" ಎಂದ. ಅವಳು ಲೋಟ ತೆಗೆದುಕೊಂಡು ಒಳಗೆ ಹೋಗಿ ಗೋಡೆ ಹಿಡಿದು ನಿಂತಳು. ಅವಳಿಗೆ ಅಳು ಬಂತು. ಅವನು ಸುಳ್ಳು ಹೇಳಿದ ಎಂದಲ್ಲ. ಅಷ್ಟು ಶ್ರಮಪಟ್ಟು, ಅಷ್ಟು ಜೋಪಾನವಾಗಿ ಹೇಳಿದನಲ್ಲ ಎಂದು.

ಅವನು ಹೋದ ಮೇಲೆ ಅಳು ಇಂಗಿತು, ಸಿಟ್ಟು ಬಂತು. ಬರಲೇಬೇಕು ನೋಡಿ. ಆ ಜ್ವರವೇ ಅವನ ನಾಲಿಗೆಯ ರುಚಿ ಒಯ್ದಿರಬೇಕು. ಅಲ್ಲಿಂದ ಎಷ್ಟು ಹಂಡೆ, ಎಷ್ಟು ಪಂದ್ಯ. ಎಲ್ಲ ಇವನ ಬಾಯಿಗೆ ತೋಚಿದ ಮಾತು ನಂಬಿ ಹಾಳಾಯಿತು. ತನ್ನ ಬಾಯಿಗೆ ಎಲ್ಲ ನೀರು ಅಂತ ಒಂದು ದಿನ ಹೇಳಿದ್ದರೆ ಆಗುತ್ತಿತ್ತು. ಹೇಳಲಿಲ್ಲ.

ಮರುದಿನ ಪಕ್ಕದ ಮನೆಯ ಸೊಸೆ ಬೇಲಿಯ ಹತ್ತಿರ ಬಂದಳು. ಚುರುಕು ಹೆಣ್ಣು, ಬಾಯಿಯೂ ಚುರುಕು. ಯಾರ ಮನೆಗೂ ಇನ್ನೂ ನಾಲಿಗೆಯಾಗಿರಲಿಲ್ಲ.

"ಅಜ್ಜಿ, ನಾನು ಬಾಯಿ ಬಿಟ್ಟು ಹೇಳೋ ಹಂಗಿಲ್ಲ. ಆದ್ರೆ ನಿಮ್ಮ ಮನೇದು ಕುಡಿದಾಗೆಲ್ಲ ನಂಗೆ ಹೊಟ್ಟೆ ಉರೀತದೆ."

"ಯಾಕವ್ವ?"

"ಯಾಕೆ ಅಂತ ಹೇಳಿದ್ರೆ ರುಚಿ ಹೇಳಿದಂಗೆ ಆಗ್ತದೆ. ನನ್ನನ್ನ ನಾಲಿಗೆ ಮಾಡ್ಕೊಳ್ಳಿ, ಆಮೇಲೆ ಎಲ್ಲ ಹೇಳ್ತೀನಿ."

ನಾಲಿಗೆ ಬದಲಾಯಿಸಬೇಕಾದರೆ ಅಲ್ಲಿ ಒಂದು ಕ್ರಮ ಇತ್ತು. ಬಿಯರು ಮಾಡುವವರು ತಮ್ಮ ಸೌಟು ತೆಗೆದುಕೊಂಡು ಹಾಸುಬಂಡೆಗೆ ಹೋಗಿ, ಬಂಡೆಗೆ ಬಡಿದು, "ನನ್ನ ನಾಲಿಗೆ ಸತ್ತಿದೆ" ಎಂದು ಊರಿಗೆ ಕೇಳುವಂತೆ ಹೇಳಬೇಕು. ಅಲ್ಲಿಂದ ಮುಂದೆ ಆ ಮನುಷ್ಯ ಸತ್ತ ನಾಲಿಗೆಯವನು. ಅವನು ಯಾರ ಮನೆಗೂ ಸಂಜೆ ಹೋಗುವ ಹಾಗಿಲ್ಲ. ಮುದುಕಿ ಸೌಟು ತೆಗೆದುಕೊಂಡು ಹೊರಟಳು. ಸೌಟನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಲೂ ಇಲ್ಲ, ಅಷ್ಟು ಸಿಟ್ಟು.

ದಾರಿಯಲ್ಲಿ ಒಬ್ಬ ಸತ್ತ ನಾಲಿಗೆಯವನ ಮನೆ. ಅವನು ಹೊಸಿಲ ಮೇಲೆ ಕೂತಿದ್ದ. ಸೌಟು ನೋಡಿದ, ಅರ್ಥ ಮಾಡಿಕೊಂಡ, ಅದರ ಬಗ್ಗೆ ಏನೂ ಕೇಳಲಿಲ್ಲ.

"ಕೂತ್ಕೊ" ಎಂದ. "ಈ ವರ್ಷ ಯಾರ ಮನೇದು ಹೆಂಗಾಗೈತೆ?"

"ನಂಗೇನು ಗೊತ್ತು? ಬೇರೆಯವರದು ಕುಡಿದು ಬಹಳ ದಿನ ಆಯ್ತು."

"ಅದಾದ್ರೂ ಹೇಳು. ಆವತ್ತು ಕುಡಿದದ್ದು."

ಅವಳು ಕೂತಳು. ಅಂಬಿಗನ ಬಿಳಿಮೀಸೆ ಹೇಗಿತ್ತು ಎಂದು ನೆನಪಿದ್ದಷ್ಟು ಹೇಳಿದಳು. ಅವನದು ನಿಂತುಹೋದ ಬಿಯರು, ಹೇಳಿದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಸತ್ತ ನಾಲಿಗೆಯವನು ಅವಳ ಬಾಯಿಯನ್ನೇ ನೋಡುತ್ತಾ ಕೇಳಿದ. ನೊರೆ ಎಷ್ಟು ಹೊತ್ತು ನಿಲ್ಲುತ್ತಿತ್ತು ಎಂದು ಕೇಳಿದ. ಕೊನೆಯಲ್ಲಿ ಲವಂಗ ಬರುತ್ತಿತ್ತಲ್ಲವೇ ಎಂದು ಕೇಳಿದ.

"ಸಂಜೆ ಹೊತ್ತು ಏನು ಮಾಡ್ತೀಯ?" ಎಂದು ಅವಳು ಕೇಳಿದಳು.

"ಇಲ್ಲೇ ಕೂರ್ತೀನಿ. ಎಲ್ಲರೂ ಹೋಗೋದು ಕಾಣ್ತದೆ."

"ಯಾರೂ ಕರೆಯಲ್ವಾ?"

"ಬರಬೇಡ ಅಂತ ಯಾರೂ ಅನ್ನಲ್ಲ. ಬಾ ಅನ್ನೋಕೆ ಯಾರಿಗೂ ಕಾರಣ ಇಲ್ಲ, ಅಷ್ಟೆ."

ಅವನ ದನಿಯಲ್ಲಿ ದೂರು ಇರಲಿಲ್ಲ. ದೂರು ಇದ್ದಿದ್ದರೆ ಮುದುಕಿ ಸಮಾಧಾನ ಹೇಳಿ ಎದ್ದು ಬಂಡೆಯ ಕಡೆಗೆ ಹೋಗುತ್ತಿದ್ದಳೋ ಏನೋ. ಅವಳು ಸ್ವಲ್ಪ ಹೊತ್ತು ಸೌಟನ್ನು ಕೈಯಲ್ಲಿ ತಿರುಗಿಸುತ್ತಾ ಕೂತಳು. ಜಗುಲಿಯ ಮೇಲೆ ತನ್ನ ನಾಲಿಗೆಯವನು ಕೂರುವ ಜಾಗ ಸವೆದು ನುಣುಪಾಗಿದ್ದು ಕಣ್ಣಿಗೆ ಬಂತು. ಅವನು ಸುಳ್ಳು ಹೇಳಿದ್ದು ಬಿಯರಿಗಾಗಿ ಅಲ್ಲ, ಆ ಜಾಗಕ್ಕಾಗಿ. ಅದು ತಿಳಿದ ಮೇಲೆ ಅವಳಿಗೆ ಬಂಡೆಯವರೆಗೆ ಕಾಲು ಏಳಲಿಲ್ಲ. ಮನೆಗೆ ಬಂದು ಸೌಟನ್ನು ಗೂಟಕ್ಕೆ ಸಿಕ್ಕಿಸಿದಳು. ಪಕ್ಕದ ಮನೆಯ ಸೊಸೆ ಬೇಲಿಯ ಮೇಲೆ ತಲೆ ಹಾಕಿ ನೋಡಿದಳು.

"ಹೋಗ್ಲಿಲ್ವಾ ಅಜ್ಜಿ?"

"ಇಲ್ಲ."

"ಇನ್ನು ಗೆದ್ದಂಗೇ ಬಿಡಿ" ಎಂದು ಸೊಸೆ ಒಳಗೆ ಹೋದಳು. ಕೋಪ ಅವಳಿಗೂ ನಿಜವಾಗಿಯೇ ಬಂದಿತ್ತು.

ಮುದುಕಿ ಆ ವರ್ಷದ ಪಂದ್ಯಕ್ಕೆ ಯಾರ ಮಾತೂ ಇಲ್ಲದೆ ಬಿಯರು ಮಾಡಿದಳು. ಜವೆಗೋಧಿ ನೆನೆಹಾಕಿ ಮೊಳಕೆ ಬರಿಸಿದಳು. ಮೊಳಕೆಯ ಕಾಳು ಬಿಯರಲ್ಲವಲ್ಲ, ಅದನ್ನು ಅಗಿದು ನೋಡಬಹುದು. ಅಗಿದು, ಸಿಹಿ ಹಲ್ಲಿಗೆ ಹತ್ತಿದ ದಿನ ಬಿಸಿಲಿಗೆ ಹಾಕಿದಳು. ಹುರಿಯುವಾಗ ಮೂಗು ಹೇಳಿದಾಗ ಉರಿ ತೆಗೆದಳು. ಕುಟ್ಟಿ, ಬಿಸಿನೀರಿಗೆ ಹಾಕಿ, ಸೋಸಿ, ಆ ರಸವನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಅಂಟು ನೋಡಿದಳು. ಕುದಿಯುವಾಗ ಕಹಿಹೂವು ಹಾಕಿದಳು, ಚೀಲದ ಗಂಟು ಬಿಚ್ಚಿದ್ದು ಖಾತ್ರಿಯಾಗುವ ಹಾಗೆ ಚೀಲವನ್ನೇ ಒಲೆಯ ಪಕ್ಕದಲ್ಲಿ ಹಾಸಿಟ್ಟುಕೊಂಡಳು. ಆರಿದ ಮೇಲೆ ಹಳೆಯ ನೊರೆಯ ಹೆಪ್ಪು ಬೆರೆಸಿ ಮುಚ್ಚಿದಳು. ಆಮೇಲೆ ಹಂಡೆಗೆ ಕಿವಿ ಹಚ್ಚಿ ಕೂತಳು. ಒಳಗೆ ಗುಳುಗುಳು ಅನ್ನುತ್ತಿತ್ತು. ಅದು ಜೋರಾದಾಗ ಹಂಡೆಯನ್ನು ನೆರಳಿಗೆ ಎಳೆದಳು, ಮೆತ್ತಗಾದಾಗ ಕಂಬಳಿ ಹೊದಿಸಿದಳು. ಇಷ್ಟು ವರ್ಷ ಬೇರೆಯವರ ಮಾತು ಕೇಳಿಸಿಕೊಂಡ ಕಿವಿಗೆ ಹಂಡೆ ತಾನೇ ಮಾತಾಡುವುದು ಕೇಳಿಸಿ ಅವಳಿಗೆ ಖುಷಿಯಾಯಿತು.

ಅವನು ಸಂಜೆ ಸಂಜೆ ಬರುತ್ತಲೇ ಇದ್ದ. "ಹೆಂಗೈತೆ?" ಎಂದು ಅವಳು ಕೇಳುತ್ತಲೇ ಇದ್ದಳು. ಅವನು ಜೇನು ಅನ್ನುತ್ತಿದ್ದ, ಒದ್ದೆ ಮಣ್ಣು ಅನ್ನುತ್ತಿದ್ದ. ಅವಳು ಹೂಂಗುಟ್ಟುತ್ತಿದ್ದಳು. ಬೆಳಿಗ್ಗೆ ಎದ್ದು ತನಗೆ ತೋಚಿದ್ದನ್ನೇ ಮಾಡುತ್ತಿದ್ದಳು. ಗೆಲ್ಲುತ್ತೇನೆ ಎಂದು ಅವಳು ಅಂದುಕೊಂಡಿರಲಿಲ್ಲ. ಅಂದುಕೊಂಡಿದ್ದರೆ ಮುಂದಿನದನ್ನೂ ಯೋಚಿಸಿಟ್ಟುಕೊಳ್ಳುತ್ತಿದ್ದಳು.

ಪಂದ್ಯದ ದಿನ ಬಿಸಿಲು ಹಿತವಾಗಿತ್ತು. ಕಣ್ಣಿಗೆ ಬಟ್ಟೆ ಕಟ್ಟಿದ ಮೂವರು ಒಂದೊಂದೇ ಹಂಡೆಯ ಹತ್ತಿರ ಕುಡಿಯುತ್ತಾ ಬಂದರು. ಮುದುಕಿಯ ಹಂಡೆಯ ಹತ್ತಿರ ಕುಡಿದರು. ಮುಂದಕ್ಕೆ ಕೈ ಚಾಚಲಿಲ್ಲ. ಮತ್ತೊಂದು ಗುಟುಕು ಕೇಳಿದರು. ಮೂವರಲ್ಲಿ ಹಿರಿಯಳಾದವಳು ಮೂರನೆಯದನ್ನೂ ಕೇಳಿದಳು. ಮಿಕ್ಕ ಹಂಡೆಗಳನ್ನು ಮುಗಿಸಿ, ಹಿಂದಕ್ಕೆ ಬಂದು, ತಡಕಾಡಿ, ಮುದುಕಿಯ ಹಂಡೆಯ ಕೊರಳಿಗೆ ತೆನೆಯ ಮಾಲೆ ಹಾಕಿದರು. ಊರು ಗದ್ದಲವೆಬ್ಬಿಸಿತು. ಪಕ್ಕದ ಮನೆಯ ಸೊಸೆ ಬಾಯಿಗೆ ಸೆರಗು ಇಟ್ಟುಕೊಂಡು ನಿಂತಳು. ಮುದುಕಿಗೆ ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಪಕ್ಕಕ್ಕೆ ತಿರುಗಿ ತನ್ನ ನಾಲಿಗೆಯವನನ್ನು ನೋಡಿದಳು. ಅವನ ಮುಖದಲ್ಲಿ ರಕ್ತವಿರಲಿಲ್ಲ.

ಯಾಕೆ ಅಂದರೆ ಲೋಟಕ್ಕೂ ಒಂದು ಕ್ರಮ ಇತ್ತು. ಗೆದ್ದವರು ತಮ್ಮ ಹಂಡೆಯಿಂದ ಮರದ ಲೋಟ ತುಂಬಿ ಮೊದಲು ತಮ್ಮ ನಾಲಿಗೆಯವರ ಕೈಗೆ ಕೊಡಬೇಕು. ನಾಲಿಗೆಯವರು ಅರ್ಧ ಕುಡಿದು, ರುಚಿ ಏನೆಂದು ಇಡೀ ಊರಿಗೆ ಹೇಳಬೇಕು. ಆ ಮೂವರು ಆಗಲೇ ಕುಡಿದಿರುತ್ತಾರೆ, ಅವರಿಗೆ ಗೊತ್ತು. ಮಾತು ರುಚಿಗೆ ಹೊಂದಿದರೆ ತಲೆಯಾಡಿಸುತ್ತಾರೆ. ಹೊಂದದಿದ್ದರೆ ಅಲ್ಲೇ, ಆ ಬಂಡೆಯ ಮೇಲೇ, ಆ ನಾಲಿಗೆ ಸತ್ತಿತು ಎಂದು ಸಾರುತ್ತಾರೆ. ಲೋಟಕ್ಕೆ ಮಾತ್ರ ಏನೂ ಆಗುವುದಿಲ್ಲ. ನಾಲಿಗೆ ಸತ್ತರೂ ಉಳಿದರ್ಧ ಗೆದ್ದವರದೇ, ಅವರು ಕುಡಿಯಬಹುದು.

ಮುದುಕಿ ಹಂಡೆಯ ಹತ್ತಿರ ಹೋಗಿ ಲೋಟ ತುಂಬಿದಳು. ಬಿಯರು ಕಾಯಿಸಿದ ತುಪ್ಪದ ಬಣ್ಣಕ್ಕಿತ್ತು. ನೊರೆ ಅಂಚಿನವರೆಗೆ ಬಂದು ನಿಂತಿತು. ವಾಸನೆ ಮೂಗಿಗೆ ಬಡಿಯಿತು, ಅವಳಿಗೆ ಬಾಯಲ್ಲಿ ನೀರು ಬಂತು. ಇಷ್ಟು ವರ್ಷ ಕಾದದ್ದು ಈಗ ಅಂಗೈಯಲ್ಲಿತ್ತು. ಅವಳು ಮಾಡಬೇಕಾದ್ದು ಏನೂ ಇರಲಿಲ್ಲ. ಲೋಟ ಕೊಡುವುದು, ಅವನು ಏನೋ ಒಂದು ಹೇಳುವವರೆಗೆ ಸುಮ್ಮನೆ ನಿಲ್ಲುವುದು, ಲೋಟ ವಾಪಸ್ಸು ಪಡೆಯುವುದು, ಕುಡಿಯುವುದು. ಪಿಸುಗುಟ್ಟಿ ಹೇಳಿಕೊಡೋಣ ಅಂದರೆ ರುಚಿ ಅವಳಿಗೂ ಗೊತ್ತಿರಲಿಲ್ಲ.

ಅವನು ಎರಡೂ ಕೈ ಮುಂದೆ ಚಾಚಿದ. ಅವಳಿಗೆ ಮಾತ್ರ ಕೇಳುವ ಹಾಗೆ, "ಕೊಡು. ಆಗೋದು ಆಗ್ಲಿ. ನೀನು ಕುಡೀಬೇಕು" ಎಂದ.

ಏನಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಕೈ ಚಾಚಿದ್ದ. ಮುದುಕಿ ಆ ಕೈಗಳನ್ನು ನೋಡಿದಳು, ಲೋಟವನ್ನು ನೋಡಿದಳು. ಅವಳಿಗೆ ಕುಡಿಯಬೇಕು ಅನ್ನಿಸಿತು. ಸುಳ್ಳು ಯಾಕೆ ಹೇಳಲಿ, ಬಹಳ ಅನ್ನಿಸಿತು. ಅವನ ಬೆರಳು ಲೋಟಕ್ಕೆ ತಾಗುವ ಮುಂಚೆ ಅವಳು ಕೈ ಸಡಿಲ ಬಿಟ್ಟಳು.

ಲೋಟ ಬಂಡೆಗೆ ಬಿದ್ದು ಉರುಳಿತು. ಬಿಯರು ಬಂಡೆಯ ಬಿರುಕಿನಲ್ಲಿ ಇಳಿದು ಹೋಯಿತು. ಇಡೀ ಊರು ಅಯ್ಯೋ ಅಂದಿತು.

"ಕೈ ಜಾರ್ತು" ಎಂದಳು ಮುದುಕಿ. "ವಯಸ್ಸಾಯ್ತಲ್ಲ."

ಎಲ್ಲರಿಗೂ ಅವಳ ಮೇಲೆ ಕನಿಕರ. ಹಿರಿಯಳು ಕಣ್ಣಿನ ಬಟ್ಟೆ ಬಿಚ್ಚಿ ಒದ್ದೆ ಬಂಡೆ ನೋಡಿ ಏನು ಮಾಡಬೇಕೆಂದು ತೋಚದೆ ನಿಂತಳು. ಎರಡನೆಯ ಲೋಟ ಇರಲಿಲ್ಲ. ಲೋಟ ಇಲ್ಲದ ಮೇಲೆ ಹೇಳಬೇಕಾದ ಮಾತೂ ಇರಲಿಲ್ಲ. ಹಂಡೆಯಲ್ಲಿ ಉಳಿದದ್ದನ್ನು ಕ್ರಮದ ಪ್ರಕಾರ ಊರಿಗೆಲ್ಲ ಹಂಚಿದರು. ಎಲ್ಲರೂ ಕುಡಿದರು, "ಹೊಟ್ಟೆ ತಣ್ಣಗಾಯ್ತು" ಎಂದರು. ಕೆಲವರು ಅದನ್ನು ಹೇಳುವಾಗ ಮುದುಕಿಯ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡರು. ನಾಲಿಗೆಯವನು ಯಾವಾಗ ಹೋದ ಎಂದು ಯಾರೂ ಗಮನಿಸಲಿಲ್ಲ.

ಮರುದಿನ ಸಂಜೆ ಅವನು ಬರುವ ಹೊತ್ತಿಗೆ ಬರಲಿಲ್ಲ. ಬೇರೆ ನಾಲಿಗೆಯವರೆಲ್ಲ ಬೀದಿಯಲ್ಲಿ ಹೋದರು. ಮುದುಕಿ ಜಗುಲಿಯ ಮೇಲೆ ದೀಪ ಇಟ್ಟುಕೊಂಡು ಕೂತಳು. ಲೋಟವೂ ಹೋಯಿತು, ಅವನೂ ಹೋದ ಎಂದು ಅವಳಿಗೆ ಒಳಗೊಳಗೇ ಭಯವಾಯಿತು. ಬೀದಿ ಖಾಲಿಯಾದ ಮೇಲೆ ಅವನು ಬಂದ. ತನ್ನ ಜಾಗದಲ್ಲಿ ಕೂರಲಿಲ್ಲ, ನಿಂತೇ ಇದ್ದ.

"ಯಾಕೆ ಚೆಲ್ಲಿದೆ?"

"ಕೈ ಜಾರ್ತು ಅಂದ್ನಲ್ಲ."

"ಕುದಿಯೋ ಹಂಡೇನ ಒಂದು ಹನಿ ಚೆಲ್ಲದೆ ಇಳಿಸೋದು ನಾನು ದಿನಾ ನೋಡೀನಿ. ಊರಿಗೆ ಹೇಳು ಹೋಗು ಕೈ ಜಾರ್ತು ಅಂತ."

ಅವಳು ದೀಪದ ಬತ್ತಿ ಸರಿಮಾಡಿದಳು. ಅವನು ಮೆಲ್ಲಗೆ ಕೂತ.

"ಯಾವಾಗಿಂದ ಗೊತ್ತು ನಿಂಗೆ?"

"ಹಂಡೆಗೆ ಕಹಿಹೂವು ಹಾಕೋದೇ ಮರ್ತಿದ್ದೆ. ಆವತ್ತಿಂದ."

"ಆವತ್ತು ನಾನು ಏನಂದೆ?"

"ಕಹಿ ಒಂದು ಚೂರು ಜಾಸ್ತಿ ಅಂದೆ."

ಅವನು ಮುಖ ಮುಚ್ಚಿಕೊಂಡ. ಭುಜ ಅಲುಗುತ್ತಿತ್ತು. ಅಳುತ್ತಾನೆ ಎಂದು ಅವಳು ಅಂದುಕೊಂಡಳು. ನಗುತ್ತಿದ್ದ. ನಗುತ್ತಾ ನಗುತ್ತಾ ಅತ್ತ. ಅವಳಿಗೂ ನಗು ತಡೆಯಲಾಗಲಿಲ್ಲ.

"ನಿನ್ನ ವರ್ಷಗಳನ್ನೆಲ್ಲ ತಿಂದ್ಬಿಟ್ಟೆ ನಾನು" ಎಂದ ಅವನು. "ಹೇಳ್ಬೇಕು ಅಂತ ದಿನಾ ಬರ್ತಿದ್ದೆ. ಇಲ್ಲಿ ಕೂತ ಮೇಲೆ ಬಾಯಿ ಬರ್ತಿರಲಿಲ್ಲ."

"ತಿಂದೆ, ಹೌದು. ನಂಗೆ ಸಿಟ್ಟೂ ಐತೆ. ಇನ್ನೂ ಸ್ವಲ್ಪ ದಿನ ಇರ್ತದೆ, ನೀನು ಸಹಿಸ್ಕೋಬೇಕು."

ಅವಳು ಒಳಗೆ ಹೋಗಿ ಲೋಟ ತುಂಬಿ ತಂದಳು. ಪಂದ್ಯಕ್ಕೆ ಒಯ್ದ ಹಂಡೆಯ ಜೊತೆಗೇ ಮಾಡಿದ ಇನ್ನೊಂದು ಹಂಡೆಯದು, ಅದೇ ಕಾಳು, ಅದೇ ಉರಿ. ಅವನ ಕೈಗೆ ಕೊಟ್ಟು ಎದುರಿಗೆ ಕೂತಳು.

"ಹೆಂಗೈತೆ?"

ಅವನು ಕುಡಿದ. ಕಣ್ಣು ಮುಚ್ಚಲಿಲ್ಲ.

"ನೀರು" ಎಂದ.

ಅವಳು ಇನ್ನೊಂದು ಲೋಟ ತಂದು ತನಗೂ ಹಾಕಿಕೊಂಡಳು. ಕದ್ದು ಕುಡಿದ ಆ ಒಂದು ದಿನ ಬಿಟ್ಟರೆ ಅವಳು ತನ್ನ ಹಂಡೆಯದನ್ನು ಬಾಯಿಗೆ ಇಟ್ಟಿರಲಿಲ್ಲ. ಕುಡಿದು, ತುಟಿ ಒರೆಸಿಕೊಂಡು, "ನಂಗೂ" ಎಂದಳು.

ಇಬ್ಬರೂ ಸ್ವಲ್ಪ ಹೊತ್ತು ಬೀದಿ ನೋಡುತ್ತಾ ಕುಡಿದರು.

"ನಿನ್ನೆ ಅಂಬಿಗ ಎರಡು ಸಲ ಇಸ್ಕೊಂಡ" ಎಂದ ಅವನು. "ಹೋಗೋ ಮುಂಚೆ ನೋಡಿದೆ."

"ಪಕ್ಕದ ಮನೆ ಸೊಸೆ ಲೋಟದ ತಳಕ್ಕೆ ಬೆರಳು ಹಾಕಿ ನೆಕ್ಕಿದಳು."

"ಹಂಗಾದ್ರೆ ಚೆನ್ನಾಗಿರ್ಬೇಕು."

"ಇರ್ಬೇಕು" ಎಂದಳು ಮುದುಕಿ.

ಅವನು ಖಾಲಿ ಲೋಟ ಮುಂದೆ ಚಾಚಿದ. ಅವಳು ಅದನ್ನು ತುಂಬಿದಳು, ಒಂದು ಹನಿಯೂ ಚೆಲ್ಲಲಿಲ್ಲ.